ಜನ ಬ್ರೌಸರ್ ಬಿಡುವುದು ಯಾವಾಗ, ಬಿಡದಿರುವುದು ಏಕೆ?

ಬಟನ್ ಫೋನಿನಲ್ಲಿ ಒಪೆರಾ ಮಿನಿ ಬಳಸಿ ಕನ್ನಡ ಓದಿದವರಿಗೆ ಒಂದು ಗುಟ್ಟು ಗೊತ್ತಿರುತ್ತದೆ. 2010ರ ಆಸುಪಾಸಿನ ಮಾತು. ಆಗಿನ ಬಹುತೇಕ ಫೋನ್‌ಗಳಲ್ಲಿ ಕನ್ನಡ ಫಾಂಟ್ ಇರುತ್ತಿರಲಿಲ್ಲ. ಕನ್ನಡದ ಪುಟ ತೆರೆದರೆ ಬರೀ ಡಬ್ಬಿ ಡಬ್ಬಿ. ಮೊದಮೊದಲ ಆಂಡ್ರಾಯ್ಡ್ ಫೋನ್‌ಗಳಲ್ಲೂ ಇದೇ ಗೋಳು. ಆದರೆ ಒಪೆರಾ ಮಿನಿಯಲ್ಲಿ ವಿಳಾಸ ಬರೆಯುವ ಜಾಗದಲ್ಲಿ 'ಒಪೆರಾ:ಕಾನ್ಫಿಗ್' ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದರೆ ಒಂದು ಸೆಟ್ಟಿಂಗ್ಸ್ ಪುಟ ತೆರೆದುಕೊಳ್ಳುತ್ತಿತ್ತು. ಅಲ್ಲಿ ಬಿಟ್‌ಮ್ಯಾಪ್ ಫಾಂಟ್ ಬಗ್ಗೆ ಒಂದು ಆಯ್ಕೆ. ಅದನ್ನು 'ಯೆಸ್' ಮಾಡಿ ಸೇವ್ ಮಾಡಿದರೆ ಸಾಕು, ಡಬ್ಬಿಗಳು ಮಾಯವಾಗಿ ಕನ್ನಡ ಕಾಣುತ್ತಿತ್ತು.

ನಡೆಯುತ್ತಿದ್ದದ್ದು ಇಷ್ಟೇ. ಒಪೆರಾ ಮಿನಿ ಪುಟವನ್ನು ನೇರವಾಗಿ ಫೋನಿಗೆ ತರುತ್ತಿರಲಿಲ್ಲ. ಮೊದಲು ಒಪೆರಾ ಕಂಪನಿಯ ಸರ್ವರ್ ಆ ಪುಟವನ್ನು ತೆರೆದು, ಹಿಂಡಿ ಸಣ್ಣದು ಮಾಡಿ, ಆಮೇಲೆ ಫೋನಿಗೆ ಕಳಿಸುತ್ತಿತ್ತು. ಈ ಆಯ್ಕೆ ಒತ್ತಿದರೆ ಅದೇ ಸರ್ವರ್ ಕನ್ನಡದ ಅಕ್ಷರಗಳನ್ನು ಚಿತ್ರವಾಗಿ ಮಾಡಿ ಕಳಿಸುತ್ತಿತ್ತು. ಫೋನಿನಲ್ಲಿ ಫಾಂಟ್ ಇಲ್ಲದಿದ್ದರೂ ನಡೆಯುತ್ತಿತ್ತು. 2ಜಿ ಕಾಲದಲ್ಲಿ ಡೇಟಾ ಉಳಿತಾಯ ಬೇರೆ. ಜನ ಈ ಗುಟ್ಟನ್ನು ಒಬ್ಬರಿಗೊಬ್ಬರು ಹೇಳಿಕೊಟ್ಟರು. ಒಪೆರಾ ಮಿನಿ ಬಿಟ್ಟು ಬೇರೆ ಬ್ರೌಸರ್ ಯೋಚನೆ ಮಾಡುವ ಪ್ರಶ್ನೆಯೇ ಇರಲಿಲ್ಲ.

ಆ ಜನರಲ್ಲಿ ಬಹುಪಾಲು ಇಂದು ಒಪೆರಾ ಮಿನಿಯಲ್ಲಿ ಇಲ್ಲ. ಒಪೆರಾ ಅವರಿಗೆ ಮೋಸ ಮಾಡಲಿಲ್ಲ, ಕೆಟ್ಟೂ ಹೋಗಲಿಲ್ಲ. ಫೋನ್‌ಗಳಲ್ಲೇ ಕನ್ನಡ ಫಾಂಟ್ ಬಂತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಶುರುವಾದ ಮೇಲೆ ಡೇಟಾ ಅಗ್ಗವಾಯಿತು, ಪುಟ ಹಿಂಡಿ ಸಣ್ಣದು ಮಾಡುವ ಅಗತ್ಯ ಹೋಯಿತು. ಹಿಡಿದಿಟ್ಟುಕೊಂಡಿದ್ದ ಕಾರಣ ಕರಗಿದಾಗ ಜನರೂ ಸದ್ದಿಲ್ಲದೆ ಜಾಗ ಬದಲಾಯಿಸಿದರು. ಎಲ್ಲಿಗೆ? ಹೊಸ ಫೋನಿನಲ್ಲಿ ಮೊದಲೇ ಕೂತಿದ್ದ ಕ್ರೋಮ್‌ಗೆ.

ಬ್ರೌಸರ್‌ಗಳ ಇತಿಹಾಸ ಓದಿದಷ್ಟೂ ನನಗೆ ಇದೇ ಕಥೆ ಮತ್ತೆ ಮತ್ತೆ ಕಾಣುತ್ತದೆ. ಎರಡು ಬ್ರೌಸರ್‌ಗಳನ್ನು ಅಕ್ಕಪಕ್ಕ ಇಟ್ಟು, ತೂಗಿ ನೋಡಿ, ಒಳ್ಳೆಯದನ್ನು ಆರಿಸುವವರು ತೀರಾ ಕಮ್ಮಿ. ಯಾವುದೋ ಒಂದು ಸಂಗತಿ ನಮ್ಮನ್ನು ಒಂದು ಬ್ರೌಸರ್‌ಗೆ ಕಟ್ಟಿ ಹಾಕಿರುತ್ತದೆ. ಆ ಗಂಟು ಸಡಿಲವಾದಾಗ ಮಾತ್ರ ನಾವು ಹೊರಡುತ್ತೇವೆ. ಹಾಗಾಗಿ 'ಯಾವ ಬ್ರೌಸರ್ ಒಳ್ಳೆಯದು' ಎಂದು ಕೇಳುವುದಕ್ಕಿಂತ 'ಇದರಲ್ಲಿ ನನ್ನನ್ನು ಕಟ್ಟಿಹಾಕಿರುವುದು ಏನು' ಎಂದು ಕೇಳಿದರೆ ಜಾಸ್ತಿ ತಿಳಿಯುತ್ತದೆ.

ಮೊದಲೇ ಕೂತಿರುವುದರ ಬಲ

1988ರಲ್ಲಿ ವಿಲಿಯಂ ಸ್ಯಾಮುಯೆಲ್ಸನ್ ಮತ್ತು ರಿಚರ್ಡ್ ಝೆಕ್‌ಹೌಸರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಒಂದು ಪ್ರಬಂಧ ಬರೆದರು. ಆಯ್ಕೆ ಮಾಡಬೇಕಾಗಿ ಬಂದಾಗ ಜನ ಅಗತ್ಯಕ್ಕಿಂತ ಜಾಸ್ತಿ ಸಲ ಈಗಿರುವುದಕ್ಕೇ ಅಂಟಿಕೊಳ್ಳುತ್ತಾರೆ ಎಂಬುದು ಅದರ ಸಾರ. ಬ್ರೌಸರ್ ವಿಷಯದಲ್ಲಿ ಇದು ಕಣ್ಣಿಗೆ ಕಟ್ಟುವ ಹಾಗೆ ಕಾಣುತ್ತದೆ. ಹೆಚ್ಚುಕಮ್ಮಿ ಎಲ್ಲ ಬ್ರೌಸರ್‌ಗಳೂ ಪುಕ್ಕಟೆ. ಬೇರೆಯದನ್ನು ಹಾಕಿಕೊಳ್ಳಲು ಎರಡು ನಿಮಿಷ ಸಾಕು. ಆದರೂ ಹಾಕಿಕೊಳ್ಳುವವರು ಕಮ್ಮಿ.

ಈ ಬಲವನ್ನು ಮೊದಲು ಚೆನ್ನಾಗಿ ಅರಿತುಕೊಂಡದ್ದು ಮೈಕ್ರೋಸಾಫ್ಟ್. 1990ರ ದಶಕದ ಮಧ್ಯದಲ್ಲಿ ನೆಟ್‌ಸ್ಕೇಪ್ ನ್ಯಾವಿಗೇಟರ್ ಬ್ರೌಸರ್ ಲೋಕದ ರಾಜ. ಮೈಕ್ರೋಸಾಫ್ಟ್ ತನ್ನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಅನ್ನು ಪುಕ್ಕಟೆ ಕೊಟ್ಟಿತು, ವಿಂಡೋಸ್ ಜೊತೆಗೇ ಸೇರಿಸಿತು. ಕಂಪ್ಯೂಟರ್ ತಯಾರಿಸುವ ಕಂಪನಿಗಳು ಅದರ ಐಕಾನ್ ತೆಗೆಯದಂತೆ ಕಟ್ಟುಪಾಡು ಹಾಕಿತು. 1998ರಲ್ಲಿ ಅಮೆರಿಕ ಸರ್ಕಾರ ಕೋರ್ಟಿಗೆ ಹೋಯಿತು. ಕೇಸು ನಡೆಯುತ್ತಿರುವಾಗಲೇ ನೆಟ್‌ಸ್ಕೇಪ್ ನೆಲಕಚ್ಚಿತು.

ಇಲ್ಲಿ ಒಂದು ಮಾತು ಸೇರಿಸಬೇಕು. ನೆಟ್‌ಸ್ಕೇಪ್ ಸೋತದ್ದು ಬರೀ ಮೈಕ್ರೋಸಾಫ್ಟ್‌ನ ಬಲವಂತದಿಂದ ಎನ್ನುವುದು ಪೂರ್ತಿ ನಿಜವಲ್ಲ. ನೆಟ್‌ಸ್ಕೇಪ್ 4 ಆಗಾಗ ಕ್ರ್ಯಾಶ್ ಆಗುತ್ತಿತ್ತು. ಕಂಪನಿ ಇಡೀ ಬ್ರೌಸರ್ ಅನ್ನು ಮೊದಲಿನಿಂದ ಬರೆಯಲು ಹೊರಟಿತು. ಮುಂದಿನ ದೊಡ್ಡ ಆವೃತ್ತಿ ಬಂದದ್ದು 2000ದ ನವೆಂಬರ್‌ನಲ್ಲಿ. ಅದೂ ನಿಧಾನ, ಅದೂ ಹಸಿಹಸಿ. ಕೈಯಲ್ಲಿರುವುದು ತೊಂದರೆ ಕೊಡುತ್ತಿದೆ, ಪಕ್ಕದಲ್ಲಿ ಇನ್ನೊಂದು ಸಿದ್ಧವಾಗಿ ಕೂತಿದೆ. ಈ ಎರಡೂ ಒಟ್ಟಿಗೆ ಆದಾಗ ಜನ ಹೊರಡುತ್ತಾರೆ. ಒಂದೇ ಆದರೆ ಸಾಮಾನ್ಯವಾಗಿ ಸಹಿಸಿಕೊಂಡು ಇರುತ್ತಾರೆ.

ಎಕ್ಸ್‌ಪ್ಲೋರರ್‌ನ ಪತನವೂ ಹೀಗೇ ಆಯಿತು. ಗೆದ್ದ ಮೇಲೆ ಮೈಕ್ರೋಸಾಫ್ಟ್ ಕೈಚೆಲ್ಲಿ ಕೂತಿತು. 2001ರಲ್ಲಿ ಆರನೇ ಆವೃತ್ತಿ ಬಂತು, ಏಳನೆಯದು ಬಂದದ್ದು 2006ರಲ್ಲಿ. ಐದು ವರ್ಷ! ಆ ಹೊತ್ತಿಗೆ ವೆಬ್ ತುಂಬ ಪಾಪ್‌ಅಪ್ ಜಾಹೀರಾತು, ವೈರಸ್, ಸ್ಪೈವೇರ್. ಒಂದು ಪುಟ ತೆರೆದರೆ ಬೇಡದ ಕಿಟಕಿಗಳು ಒಂದರ ಮೇಲೊಂದು. 2004ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ 1.0 ಬಂತು. ಪಾಪ್‌ಅಪ್ ತಡೆಯಿತು, ಒಂದೇ ಕಿಟಕಿಯಲ್ಲಿ ಹಲವು ಟ್ಯಾಬ್ ಕೊಟ್ಟಿತು. ಅದನ್ನು ಮಾಡಿದ ಮೊಜಿಲ್ಲಾ ಲಾಭಕ್ಕೆ ನಿಂತ ಸಂಸ್ಥೆಯಲ್ಲ, ದೊಡ್ಡ ಪ್ರಚಾರಕ್ಕೆ ದುಡ್ಡಿರಲಿಲ್ಲ. ಬಳಕೆದಾರರೇ ಚಂದಾ ಎತ್ತಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಎರಡು ಪುಟದ ಜಾಹೀರಾತು ಕೊಟ್ಟರು. ದುಡ್ಡು ಹಾಕಿದ ಸಾವಿರಾರು ಜನರ ಹೆಸರುಗಳು ಅದರಲ್ಲಿ ಅಚ್ಚಾದವು.

ಫೈರ್‌ಫಾಕ್ಸ್ ಹರಡಿದ ಬಗೆಯನ್ನು ಗಮನಿಸಿ. ಪ್ರತಿ ಮನೆಯಲ್ಲೂ ಕಂಪ್ಯೂಟರ್ ಸರಿಮಾಡುವ ಒಬ್ಬ ಹುಡುಗ ಅಥವಾ ಹುಡುಗಿ ಇರುತ್ತಾರೆ ಅಲ್ವಾ? ಅವರು ಚಿಕ್ಕಪ್ಪನ ಕಂಪ್ಯೂಟರ್‌ಗೆ, ಪಕ್ಕದ ಮನೆಯವರ ಕಂಪ್ಯೂಟರ್‌ಗೆ, ಆಫೀಸಿನ ಗೆಳೆಯರಿಗೆ ಅದನ್ನು ಹಾಕಿಕೊಟ್ಟರು. ಚಿಕ್ಕಪ್ಪ ಬ್ರೌಸರ್ ಆರಿಸಲಿಲ್ಲ. ಚಿಕ್ಕಪ್ಪ ಆರಿಸಿದ್ದು ಆ ಹುಡುಗಿಯ ಮಾತನ್ನು. ಈಗಲೂ ಬಹಳ ಜನ ಬ್ರೌಸರ್ ಬದಲಾಯಿಸುವುದು ನಂಬುವ ಒಬ್ಬರು ಹೇಳಿದಾಗಲೇ.

ಬೇರೆ ದಾರಿಯೇ ಇಲ್ಲದಾಗ

ಕೆಲವು ಸಲ ನಿಷ್ಠೆಯಂತೆ ಕಾಣುವುದು ನಿಜವಾಗಿ ಬಂಧನ. ಇದಕ್ಕೆ ದಕ್ಷಿಣ ಕೊರಿಯಾದಷ್ಟು ದೊಡ್ಡ ಉದಾಹರಣೆ ಇನ್ನೊಂದಿಲ್ಲ.

1990ರ ದಶಕದಲ್ಲಿ ಅಮೆರಿಕ ಬಲವಾದ ಎನ್‌ಕ್ರಿಪ್ಷನ್ ತಂತ್ರಜ್ಞಾನವನ್ನು ಹೊರದೇಶಗಳಿಗೆ ಕಳಿಸಲು ಬಿಡುತ್ತಿರಲಿಲ್ಲ. ಬ್ಯಾಂಕ್ ವ್ಯವಹಾರವನ್ನು ಆನ್‌ಲೈನ್ ಮಾಡಬೇಕಿದ್ದ ಕೊರಿಯಾ 'ಸೀಡ್' ಎಂಬ ತನ್ನದೇ ಗುಪ್ತಲಿಪಿ ವಿಧಾನ ರೂಪಿಸಿತು. ಬ್ರೌಸರ್‌ಗಳಿಗೆ ಅದು ಗೊತ್ತಿರಲಿಲ್ಲ. ಆದ್ದರಿಂದ ಆಕ್ಟಿವ್‌ಎಕ್ಸ್ ಎಂಬ ಸಣ್ಣ ಪ್ರೋಗ್ರಾಂ ಸೇರಿಸಿ ಕೆಲಸ ನಡೆಸಿದರು. ಆಕ್ಟಿವ್‌ಎಕ್ಸ್ ನಡೆಯುತ್ತಿದ್ದದ್ದು ಎಕ್ಸ್‌ಪ್ಲೋರರ್‌ನಲ್ಲಿ. ಬ್ಯಾಂಕು, ಸರ್ಕಾರಿ ಕೆಲಸ, ಅಂಗಡಿ ವ್ಯಾಪಾರ, ಎಲ್ಲವೂ ಅದಕ್ಕೇ ಗಂಟುಬಿದ್ದವು. ಜಗತ್ತಿನಲ್ಲೇ ಅತಿ ವೇಗದ ಇಂಟರ್ನೆಟ್ ಇದ್ದ ದೇಶಗಳಲ್ಲಿ ಒಂದು, ಆದರೆ ಬ್ರೌಸರ್ ಮಾತ್ರ ಹಳೆಯದು.

2014ರಲ್ಲಿ ಅಲ್ಲಿನ ಒಂದು ಟಿವಿ ಧಾರಾವಾಹಿ ಚೀನಾದಲ್ಲಿ ಭಾರೀ ಜನಪ್ರಿಯವಾಯಿತು. ನಾಯಕಿ ತೊಟ್ಟ ಕೋಟು ಕೊಳ್ಳಲು ಚೀನಾದ ಜನ ಕೊರಿಯಾದ ಸೈಟ್‌ಗಳಿಗೆ ಬಂದರೆ, ಆನ್‌ಲೈನ್‌ನಲ್ಲಿ ಗುರುತು ಖಚಿತಪಡಿಸಲು ಬೇಕಿದ್ದ ಡಿಜಿಟಲ್ ಸರ್ಟಿಫಿಕೇಟ್ ಮತ್ತು ಆಕ್ಟಿವ್‌ಎಕ್ಸ್ ಗೋಜಲಿನಿಂದ ಕೊಳ್ಳಲು ಆಗಲಿಲ್ಲ. ಆಗಿನ ಅಧ್ಯಕ್ಷೆ ಪಾರ್ಕ್ ಗ್ಯುನ್ ಹೈ ಸಭೆಯಲ್ಲಿ ಈ ವಿಷಯ ಎತ್ತಿದರು. ಆ ಸರ್ಟಿಫಿಕೇಟ್‌ಗೆ ಕಾನೂನು ಕೊಟ್ಟಿದ್ದ ವಿಶೇಷ ಸ್ಥಾನ ಕೊನೆಯಾಗಲು 2020ರ ಡಿಸೆಂಬರ್ ಬರಬೇಕಾಯಿತು.

ನಮ್ಮಲ್ಲೂ ಇದರ ಸಣ್ಣ ರೂಪ ಇತ್ತು. ಸರ್ಕಾರಿ ಜಾಲತಾಣಗಳ ಅಡಿಯಲ್ಲಿ 'ಇದನ್ನು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ನೋಡಿ' ಎಂಬ ಸಾಲು ಬಹಳ ಕಾಲ ಉಳಿದಿತ್ತು. ಡಿಜಿಟಲ್ ಸಹಿ ಹಾಕಿ ಟೆಂಡರ್ ಸಲ್ಲಿಸುವವರು, ತೆರಿಗೆ ಕೆಲಸ ಮಾಡುವವರು ಒಂದು ಹಳೆಯ ಎಕ್ಸ್‌ಪ್ಲೋರರ್ ಅನ್ನು ಅದಕ್ಕೆಂದೇ ಜೋಪಾನ ಮಾಡಿ ಇಟ್ಟುಕೊಳ್ಳುತ್ತಿದ್ದರು. ಅದಕ್ಕೂ ಮುಂಚೆ, 2000ದ ದಶಕದ ಮೊದಲಲ್ಲಿ, ಭಾರತೀಯ ಭಾಷೆಗಳ ಅನೇಕ ಪತ್ರಿಕಾ ತಾಣಗಳು ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಎಲ್ಲೆಡೆ ಒಂದೇ ಸಂಕೇತ ಕೊಡುವ ವ್ಯವಸ್ಥೆಯಲ್ಲಿ, ಇರಲಿಲ್ಲ. ಅವು ಬಳಸುತ್ತಿದ್ದ ಫಾಂಟ್ ತಾನಾಗೇ ಇಳಿಯುವ ತಂತ್ರ ಹೆಚ್ಚಾಗಿ ಎಕ್ಸ್‌ಪ್ಲೋರರ್‌ಗೆ ಮಾಡಿದ್ದು. ಫೈರ್‌ಫಾಕ್ಸ್‌ನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಬ್ರೌಸರ್ ಎಷ್ಟೇ ಚೆನ್ನಾಗಿದ್ದರೂ ಬೆಳಿಗ್ಗೆ ಪೇಪರ್ ಓದಲು ಆಗದಿದ್ದರೆ ಅದನ್ನು ಇಟ್ಟುಕೊಂಡು ಮಾಡುವುದೇನು? ಯೂನಿಕೋಡ್ ಹರಡಿದ ಮೇಲೆ ಆ ಗಂಟು ತಾನಾಗೇ ಬಿಚ್ಚಿಕೊಂಡಿತು. ಒಂದು ಭಾಷೆಯ ಓದುಗರನ್ನು ಒಂದು ಕಂಪನಿಯ ಸಾಫ್ಟ್‌ವೇರ್‌ನಿಂದ ಬಿಡಿಸಿದ್ದು ಯೂನಿಕೋಡ್‌ನ ದೊಡ್ಡ ಉಪಕಾರ ಎಂದು ನಾನು ನಂಬುತ್ತೇನೆ. ಇದಕ್ಕೆ ಸಿಗಬೇಕಾದ ಮೆಚ್ಚುಗೆ ಸಿಕ್ಕಿಲ್ಲ.

ಕ್ರೋಮ್ ಗೆದ್ದದ್ದು ಹೇಗೆ, ಉಳಿದದ್ದು ಹೇಗೆ

ಇವೆರಡೂ ಬೇರೆ ಬೇರೆ ಪ್ರಶ್ನೆ. ಉತ್ತರವೂ ಬೇರೆ ಬೇರೆ.

2008ರ ಸೆಪ್ಟೆಂಬರ್‌ನಲ್ಲಿ ಕ್ರೋಮ್ ಬಂದಾಗ ಅದು ನಿಜಕ್ಕೂ ವೇಗವಾಗಿತ್ತು. ಜಾಲತಾಣಗಳನ್ನು ನಡೆಸುವ ಜಾವಾಸ್ಕ್ರಿಪ್ಟ್ ಕೋಡ್ ಅನ್ನು ಅದರ ವಿ8 ಇಂಜಿನ್ ನೇರವಾಗಿ ಯಂತ್ರದ ಭಾಷೆಗೆ ಬದಲಾಯಿಸುತ್ತಿತ್ತು. ಜೊತೆಗೆ ಟ್ಯಾಬ್‌ಗಳನ್ನು ಬೇರೆ ಬೇರೆ ಪ್ರಕ್ರಿಯೆಗಳಾಗಿ ನಡೆಸಿತು. ಒಂದು ಪುಟ ಕೆಟ್ಟು ನಿಂತರೆ ಉಳಿದವು ನಡೆಯುತ್ತಲೇ ಇರುತ್ತಿದ್ದವು. ಆಗಿನ ಫೈರ್‌ಫಾಕ್ಸ್‌ನಲ್ಲಿ ಒಂದು ಟ್ಯಾಬ್ ಹೋದರೆ ಎಲ್ಲವೂ ಹೋಗುತ್ತಿತ್ತು. ಅರ್ಧ ಬರೆದ ಇಮೇಲ್ ಕಳೆದುಕೊಂಡವರಿಗೆ ಇದು ಎಷ್ಟು ದೊಡ್ಡ ವಿಷಯ ಎಂದು ಹೇಳಬೇಕಿಲ್ಲ. ಗೂಗಲ್ ತನ್ನ ಮುಖಪುಟದಲ್ಲೇ ಕ್ರೋಮ್‌ನ ಪ್ರಚಾರ ಮಾಡಿತು, ಬೇರೆ ಸಾಫ್ಟ್‌ವೇರ್‌ಗಳ ಜೊತೆ ಸೇರಿಸಿ ಹಂಚಿತು. 2012ರ ಮೇ ತಿಂಗಳಲ್ಲಿ, ವೆಬ್ ಬಳಕೆ ಅಳೆಯುವ ಸ್ಟ್ಯಾಟ್‌ಕೌಂಟರ್ ಲೆಕ್ಕದಲ್ಲಿ, ಕ್ರೋಮ್ ಎಕ್ಸ್‌ಪ್ಲೋರರ್ ಅನ್ನು ದಾಟಿತು.

ಆ ವೇಗದ ಅಂತರ ಇವತ್ತು ಇಲ್ಲ. ಸಾಮಾನ್ಯ ಬಳಕೆಯಲ್ಲಿ ಫೈರ್‌ಫಾಕ್ಸ್, ಆಪಲ್‌ನ ಸಫಾರಿ, ಮೈಕ್ರೋಸಾಫ್ಟ್‌ನ ಎಡ್ಜ್, ಕ್ರೋಮ್ ನಡುವೆ ವ್ಯತ್ಯಾಸ ಗುರುತಿಸುವುದು ಕಷ್ಟ. ಆದರೂ ಜಗತ್ತಿನ ವೆಬ್ ಬಳಕೆಯಲ್ಲಿ ಸುಮಾರು ಮೂರನೇ ಎರಡು ಭಾಗ ಕ್ರೋಮ್‌ನದೇ. ಭಾರತದಲ್ಲಂತೂ ಅದರ ಪಾಲು ಇನ್ನೂ ಜಾಸ್ತಿ. ಗೆಲ್ಲಿಸಿದ ಕಾರಣ ಹೋದರೂ ಜನ ಉಳಿದಿದ್ದಾರೆ, ಏಕೆಂದರೆ ಅಷ್ಟರಲ್ಲಿ ಬೇರೆ ಗಂಟುಗಳು ಬಿದ್ದಿದ್ದವು.

ಮೊದಲನೆಯದು ಫೋನ್. ಆಂಡ್ರಾಯ್ಡ್ ಫೋನ್ ಕೊಂಡರೆ ಗೂಗಲ್ ಖಾತೆ ಬೇಕು, ಕ್ರೋಮ್ ಒಳಗೇ ಇರುತ್ತದೆ. ಫೋನಿನಲ್ಲಿ ಕ್ರೋಮ್ ಇದ್ದರೆ ಕಂಪ್ಯೂಟರ್‌ನಲ್ಲೂ ಅದೇ ಇದ್ದರೆ ಅನುಕೂಲ. ಇಲ್ಲಿ ಎಡ್ಜ್ ಕಥೆ ನೋಡಿ. 2020ರ ಜನವರಿಯಿಂದ ಅದು ಕ್ರೋಮ್‌ನ ಮೂಲವಾದ ಕ್ರೋಮಿಯಂ ಮೇಲೆಯೇ ನಿಂತಿದೆ, ಪ್ರತಿ ವಿಂಡೋಸ್ ಕಂಪ್ಯೂಟರ್‌ನಲ್ಲೂ ಮೊದಲೇ ಕೂತಿದೆ. ಆದರೂ ಹೊಸ ಲ್ಯಾಪ್‌ಟಾಪ್ ತಂದ ದಿನವೇ ಜನ ಎಡ್ಜ್ ತೆರೆದು ಕ್ರೋಮ್ ಇಳಿಸಿಕೊಳ್ಳುತ್ತಾರೆ. 1998ರಲ್ಲಿ ಮೇಜಿನ ಮೇಲಿನ ಕಂಪ್ಯೂಟರ್‌ನಲ್ಲಿ ಮೊದಲು ಇದ್ದದ್ದು ಗೆಲ್ಲುತ್ತಿತ್ತು. ಈಗ ಜೇಬಿನ ಫೋನಿನಲ್ಲಿ ಇರುವುದು ಗೆಲ್ಲುತ್ತದೆ.

ಎರಡನೆಯ ಗಂಟು ಇನ್ನೂ ಬಿಗಿ: ಪಾಸ್‌ವರ್ಡ್. 2004ರಲ್ಲಿ ಒಬ್ಬ ಸಾಮಾನ್ಯ ಬಳಕೆದಾರರಿಗೆ ಇದ್ದದ್ದು ಒಂದೆರಡು ಇಮೇಲ್ ಖಾತೆ, ಬಹುಶಃ ಒಂದು ಬ್ಯಾಂಕ್ ಖಾತೆ. ಈಗ ಕರೆಂಟ್ ಬಿಲ್ಲು, ರೈಲ್ವೆ ಟಿಕೆಟ್, ಮಕ್ಕಳ ಶಾಲೆ, ಪಿಎಫ್, ಆಸ್ಪತ್ರೆ, ಅಂಗಡಿ, ಎಲ್ಲದಕ್ಕೂ ಒಂದೊಂದು. ಅವನ್ನೆಲ್ಲ ನೆನಪಿಡುತ್ತಿರುವುದು ನಾವಲ್ಲ, ಬ್ರೌಸರ್. ಬ್ರೌಸರ್ ಬದಲಾಯಿಸುವುದು ಬಾಡಿಗೆ ಮನೆ ಬದಲಾಯಿಸಿದ ಹಾಗೆ ಆಗಿಬಿಟ್ಟಿದೆ. ಹೊಸ ಮನೆ ಎಷ್ಟೇ ಚೆನ್ನಾಗಿರಲಿ, ಸಾಮಾನು ಸಾಗಿಸುವುದು, ವಿಳಾಸ ಬದಲಿಸುವುದು ನೆನೆದರೆ 'ಇಲ್ಲೇ ಇರೋಣ ಬಿಡು' ಅನ್ನಿಸುತ್ತದೆ.

ಇದರಲ್ಲಿ ಸೋಮಾರಿತನ ಇದೆ ಎಂದು ನನಗನ್ನಿಸುವುದಿಲ್ಲ. ಕೆಲಸದ ನಡುವೆ ಬ್ಯಾಂಕಿನ ಪಾಸ್‌ವರ್ಡ್ ಸಿಗದೆ ಒದ್ದಾಡುವ ಭಯ ನ್ಯಾಯವಾದದ್ದೇ.

ಅಭ್ಯಾಸಕ್ಕೆ ಕಟ್ಟಿದ ಬೆಲೆ

ಈ ಅಂಟಿಕೊಳ್ಳುವ ಗುಣಕ್ಕೆ ಮಾರುಕಟ್ಟೆಯಲ್ಲಿ ಬೆಲೆಯೂ ಇದೆ. ಗೂಗಲ್ ಮೇಲೆ ಅಮೆರಿಕ ಸರ್ಕಾರ ಹೂಡಿದ ಮೊಕದ್ದಮೆಯಲ್ಲಿ ಒಂದು ಸಂಗತಿ ಹೊರಬಂತು. ಸಫಾರಿ ಬ್ರೌಸರ್‌ನಲ್ಲಿ ತನ್ನ ಹುಡುಕಾಟ ಡೀಫಾಲ್ಟ್ (ಬಳಕೆದಾರರು ಬದಲಾಯಿಸದಿದ್ದರೆ ಮೊದಲೇ ಇರುವ ಆಯ್ಕೆ) ಆಗಿರಲಿ ಎಂದು 2022ರ ಒಂದೇ ವರ್ಷದಲ್ಲಿ ಗೂಗಲ್ ಆಪಲ್‌ಗೆ 2,000 ಕೋಟಿ ಡಾಲರ್ ಕೊಟ್ಟಿತ್ತು. ಬಳಕೆದಾರರು ಬೇಕೆಂದಾಗ ಎರಡು ಒತ್ತಿನಲ್ಲಿ ಬದಲಾಯಿಸಬಹುದಾದ ಒಂದು ಸೆಟ್ಟಿಂಗ್‌ಗೆ ಇಷ್ಟು ದುಡ್ಡು! ಬಹಳ ಜನ ಬದಲಾಯಿಸುವುದಿಲ್ಲ ಎಂಬ ಲೆಕ್ಕ ಅದರ ಹಿಂದೆ ಇದೆ. 2024ರ ಆಗಸ್ಟ್‌ನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ, ಗೂಗಲ್ ಹುಡುಕಾಟದಲ್ಲಿ ಕಾನೂನು ಮೀರಿ ಏಕಸ್ವಾಮ್ಯ ಉಳಿಸಿಕೊಂಡಿದೆ ಎಂದು ತೀರ್ಪು ಕೊಟ್ಟರು.

ಆದರೆ ಡೀಫಾಲ್ಟ್ ಎಂದರೆ ಸರ್ವಶಕ್ತವೂ ಅಲ್ಲ. 2014ರ ಕೊನೆಯಲ್ಲಿ ಮೊಜಿಲ್ಲಾ ಅಮೆರಿಕದ ಫೈರ್‌ಫಾಕ್ಸ್‌ನಲ್ಲಿ ಗೂಗಲ್ ತೆಗೆದು ಯಾಹೂ ಹುಡುಕಾಟ ಹಾಕಿತು. ಅನೇಕರು ಹುಡುಕಾಟವನ್ನು ಮತ್ತೆ ಗೂಗಲ್‌ಗೆ ತಿರುಗಿಸಿಕೊಂಡರು. 2017ರ ನವೆಂಬರ್‌ನಲ್ಲಿ ಮೊಜಿಲ್ಲಾ ವಾಪಸ್ ಗೂಗಲ್‌ಗೇ ಹೋಯಿತು. ಜನ ಯಾವುದಕ್ಕೆ ಒಗ್ಗಿಹೋಗಿದ್ದಾರೋ ಅದನ್ನೇ ಕಿತ್ತು ತೆಗೆದರೆ ಆಗ ಅವರು ಎದ್ದು ಸೆಟ್ಟಿಂಗ್ಸ್ ಹುಡುಕುತ್ತಾರೆ.

ಯುರೋಪಿನಲ್ಲಿ ಸರ್ಕಾರವೇ ಮಧ್ಯೆ ಬಂತು. 2010ರಲ್ಲಿ ವಿಂಡೋಸ್ ಬಳಕೆದಾರರ ಮುಂದೆ ಬ್ರೌಸರ್‌ಗಳ ಪಟ್ಟಿ ತೋರಿಸಿ ಆರಿಸಿಕೊಳ್ಳಿ ಎಂದು ಕೇಳುವಂತೆ ಮಾಡಿದರು. ನಡುವೆ ಕೆಲವು ಕಾಲ ಆ ಪಟ್ಟಿ ತೋರಿಸದೇ ಇದ್ದದ್ದಕ್ಕೆ 2013ರಲ್ಲಿ ಮೈಕ್ರೋಸಾಫ್ಟ್‌ಗೆ 56.1 ಕೋಟಿ ಯೂರೋ ದಂಡ ಬಿತ್ತು. 2024ರ ಮಾರ್ಚ್‌ನಿಂದ ಐಫೋನ್‌ನಲ್ಲೂ ಇಂಥ ಆಯ್ಕೆ ಪರದೆ ಬಂದಿದೆ. ಆಮೇಲೆ ತಮ್ಮ ಬಳಕೆ ಏರಿದೆ ಎಂದು ಹಲವು ಸಣ್ಣ ಬ್ರೌಸರ್ ಕಂಪನಿಗಳು ಹೇಳಿದವು.

ಪ್ರೀತಿಯಿಂದ ಉಳಿದವರು

ಇಷ್ಟರಲ್ಲಿ ನಿಜವಾದ ಪ್ರೀತಿ ಎಲ್ಲೂ ಬರಲಿಲ್ಲ. ಅಂಥವರೂ ಇದ್ದಾರೆ, ಸಣ್ಣ ಗುಂಪು. ಬ್ರೌಸರ್ ಕಂಪನಿಗಳು ಹೆಚ್ಚು ನೋಯಿಸುವುದು ಅವರನ್ನೇ.

ನಾರ್ವೆಯ ಒಪೆರಾ ಕಂಪನಿ ಕಂಪ್ಯೂಟರ್‌ಗೆಂದು ಮಾಡಿದ್ದ ಬ್ರೌಸರ್ ಒಂದು ಕಾಲಕ್ಕೆ ಪ್ರಯೋಗಪ್ರಿಯರ ಸ್ವರ್ಗ. ಒಳಗೇ ಇಮೇಲ್, ಮೌಸ್ ಸನ್ನೆಗಳು, ಬೇಕಾದ ಹಾಗೆ ತಿದ್ದಿಕೊಳ್ಳುವ ಸಲಕರಣೆ ಪಟ್ಟಿ. ಅದರ ಇಂಜಿನ್ (ಪುಟದ ಕೋಡ್ ಓದಿ ಪರದೆಯ ಮೇಲೆ ಮೂಡಿಸುವ ಒಳಭಾಗ) ಪ್ರೆಸ್ಟೊ ಅವರದೇ. 2013ರಲ್ಲಿ ಕಂಪನಿ ಆ ಇಂಜಿನ್ ಬಿಟ್ಟು ಕ್ರೋಮಿಯಂ ಹಿಡಿಯಿತು. ಹೊಸ ಆವೃತ್ತಿಯಲ್ಲಿ ಇಮೇಲ್ ಇಲ್ಲ, ಮೊದಲಿಗೆ ಸರಿಯಾದ ಬುಕ್‌ಮಾರ್ಕ್ ವ್ಯವಸ್ಥೆಯೂ ಇಲ್ಲ. ವರ್ಷಗಟ್ಟಲೆ ಜೊತೆಗಿದ್ದವರು ಸಿಟ್ಟಾದರು. ಒಪೆರಾ ಸ್ಥಾಪಕರಲ್ಲಿ ಒಬ್ಬರಾದ ಯೋನ್ ವಾನ್ ಟೆಟ್ಜ್ನರ್ ಆ ಹೊತ್ತಿಗೆ ಕಂಪನಿ ಬಿಟ್ಟಿದ್ದರು. ಅಂಥ ಬಳಕೆದಾರರಿಗೆಂದೇ ಅವರು ವಿವಾಲ್ಡಿ ಎಂಬ ಬ್ರೌಸರ್ ಕಟ್ಟಿದರು. 2016ರ ಏಪ್ರಿಲ್‌ನಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಬಂತು. ಹಳೆಯ ಒಪೆರಾದ ಸೌಲಭ್ಯಗಳು ಒಂದೊಂದಾಗಿ ಅಲ್ಲಿ ಮರಳಿದವು, ಇಮೇಲ್ ಕೂಡ.

ಫೈರ್‌ಫಾಕ್ಸ್‌ಗೂ ಇದೇ ಇಕ್ಕಟ್ಟು. 2017ರ ನವೆಂಬರ್‌ನ 57ನೇ ಆವೃತ್ತಿ ಬಹಳ ವೇಗವಾಗಿತ್ತು, ಆದರೆ ಹಳೆಯ ಬಗೆಯ ಎಕ್ಸ್‌ಟೆನ್ಷನ್‌ಗಳು (ಬ್ರೌಸರ್‌ಗೆ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಂಗಳು) ನಿಂತುಹೋದವು. ಆ ಹಳೆಯ ವ್ಯವಸ್ಥೆ ಬ್ರೌಸರ್‌ನ ಒಳಭಾಗಕ್ಕೆಲ್ಲ ಕೈ ಹಾಕಲು ಬಿಡುತ್ತಿತ್ತು. ಅದನ್ನು ಇಟ್ಟುಕೊಂಡು ಬ್ರೌಸರ್ ಅನ್ನು ವೇಗವಾಗಿ, ಸುರಕ್ಷಿತವಾಗಿ ಮಾಡುವುದು ಕಷ್ಟ. ಮೊಜಿಲ್ಲಾ ಮಾಡಿದ್ದು ಅಗತ್ಯವಾಗಿತ್ತು ಎಂದೇ ನನ್ನ ಅನಿಸಿಕೆ. ಆದರೆ ಫೈರ್‌ಫಾಕ್ಸ್ ಅನ್ನು ತಮ್ಮ ಕೈಗೆ ಒಗ್ಗಿಸಿಕೊಂಡಿದ್ದ ಜನರಿಗೆ ಅದು ತಮ್ಮ ಬ್ರೌಸರ್ ಆಗಿ ಉಳಿಯಲಿಲ್ಲ. ಕೆಲವರು ಫೈರ್‌ಫಾಕ್ಸ್ ಕೋಡ್‌ನಿಂದಲೇ ಕವಲೊಡೆದ ವಾಟರ್‌ಫಾಕ್ಸ್, ಪೇಲ್ ಮೂನ್ ಥರದ ಬ್ರೌಸರ್‌ಗಳಿಗೆ ಹೋದರು.

ಈಗ ಗಾಳಿ ಬೇರೆ ಕಡೆಗೆ ಬೀಸುತ್ತಿದೆ. ಕ್ರೋಮ್ ತನ್ನ ಎಕ್ಸ್‌ಟೆನ್ಷನ್ ನಿಯಮಗಳನ್ನು ಬದಲಾಯಿಸಿದ್ದರಿಂದ ಯುಬ್ಲಾಕ್ ಒರಿಜಿನ್ ಎಂಬ ಜನಪ್ರಿಯ ಜಾಹೀರಾತು ತಡೆ ಅದರಲ್ಲಿ ಮೊದಲಿನಂತೆ ನಡೆಯುವುದಿಲ್ಲ. ಶಕ್ತಿ ಕಮ್ಮಿ ಇರುವ ಲೈಟ್ ಆವೃತ್ತಿ ಮಾತ್ರ. ಫೈರ್‌ಫಾಕ್ಸ್‌ನಲ್ಲಿ ಪೂರ್ತಿ ಆವೃತ್ತಿ ಇದೆ. ಜಾಹೀರಾತಿನ ಕಾಟ ತಾಳದವರಿಗೆ ಹೊರಡಲು ಇಷ್ಟು ಸಾಕಾಗಬಹುದು. ಪಾಪ್‌ಅಪ್ ಕಾಲದಲ್ಲಿ ಎಕ್ಸ್‌ಪ್ಲೋರರ್ ಬಿಟ್ಟವರ ಕಾರಣವೂ ಇದೇ ಆಗಿತ್ತು.

ಬೆಂಗಳೂರಿನಿಂದಲೂ ಒಂದು ಪ್ರಯತ್ನ ಆಗಿತ್ತು. 2010ರ ಜುಲೈನಲ್ಲಿ ಹಿಡನ್ ರಿಫ್ಲೆಕ್ಸ್ ಎಂಬ ಇಲ್ಲಿನ ಕಂಪನಿ ಎಪಿಕ್ ಎಂಬ ಬ್ರೌಸರ್ ತಂದಿತು. ಫೈರ್‌ಫಾಕ್ಸ್‌ನ ಕೋಡ್ ಮೇಲೆ ಕಟ್ಟಿದ್ದು, ಭಾರತೀಯ ಭಾಷೆಗಳಲ್ಲಿ ಟೈಪ್ ಮಾಡುವ ಸೌಲಭ್ಯ ಒಳಗೇ ಇತ್ತು. ಒಳ್ಳೆಯ ಆಲೋಚನೆ. ಆದರೆ ಬರಹ, ನುಡಿ ಇದ್ದವರಿಗೆ ಕನ್ನಡ ಟೈಪ್ ಮಾಡಲು ಬ್ರೌಸರ್ ಬದಲಾಯಿಸುವ ಅಗತ್ಯ ಇರಲಿಲ್ಲ. ಒಪೆರಾ ಮಿನಿ ಕೊಟ್ಟದ್ದು ಬೇರೆಲ್ಲೂ ಸಿಗದ್ದು, ಎಪಿಕ್ ಕೊಟ್ಟದ್ದು ಬೇರೆ ಕಡೆಯೂ ಸಿಗುತ್ತಿತ್ತು. ನನಗೆ ಕಾಣುವ ವ್ಯತ್ಯಾಸ ಇದು. 2013ರಲ್ಲಿ ಅದೇ ಕಂಪನಿ ದಾರಿ ಬದಲಿಸಿ, ಖಾಸಗಿತನಕ್ಕೆಂದೇ ಕ್ರೋಮಿಯಂ ಮೇಲೆ ಹೊಸ ಎಪಿಕ್ ಮಾಡಿತು.

ಬದಲಾಯಿಸಬೇಕು ಅನ್ನಿಸಿದರೆ

ಮೊದಲು ಇಂಜಿನ್ ನೋಡಿ. ಕ್ರೋಮ್, ಎಡ್ಜ್, ಬ್ರೇವ್, ಒಪೆರಾ, ವಿವಾಲ್ಡಿ, ಝೋಹೊ ಕಂಪನಿಯ ಉಲಾ, ಐಫೋನ್ ಬಿಟ್ಟರೆ ಎಲ್ಲದರ ಒಳಗೂ ಒಂದೇ ಬ್ಲಿಂಕ್ ಇಂಜಿನ್, ಕ್ರೋಮಿಯಂ ಜೊತೆ ಬರುವಂಥದ್ದು. ಇವುಗಳ ನಡುವೆ ಓಡಾಡಿದರೆ ಜಾಲತಾಣ ಕಾಣುವ ರೀತಿ ಬದಲಾಗುವುದಿಲ್ಲ, ಮೆನು ಮತ್ತು ಖಾಸಗಿತನದ ನಿಯಮ ಬದಲಾಗುತ್ತವೆ. ಬೇರೆ ಇಂಜಿನ್ ಬೇಕೆಂದರೆ ಫೈರ್‌ಫಾಕ್ಸ್‌ನ ಗೆಕ್ಕೊ, ಸಫಾರಿಯ ವೆಬ್‌ಕಿಟ್ ಉಳಿದಿವೆ. ಎಲ್ಲ ಜಾಲತಾಣಗಳೂ ಒಂದೇ ಇಂಜಿನ್‌ಗೆ ಹೊಂದಿಕೊಂಡರೆ ಕೊರಿಯಾದ ಕಥೆ ಬೇರೆ ಹೆಸರಿನಲ್ಲಿ ಮರಳಬಹುದು ಎಂಬ ಕಳವಳ ನನಗಿದೆ. ಆದ್ದರಿಂದ ಗೆಕ್ಕೊ ಉಳಿಯಬೇಕು ಎಂದು ಬಯಸುತ್ತೇನೆ.

ಹಳೆಯದನ್ನು ತಕ್ಷಣ ತೆಗೆಯಬೇಡಿ. ಎರಡನ್ನೂ ಕೆಲವು ದಿನ ಇಟ್ಟುಕೊಳ್ಳಿ, ಬ್ಯಾಂಕ್ ಮತ್ತು ಕಚೇರಿ ಸೈಟ್‌ಗಳನ್ನು ಹೊಸದರಲ್ಲಿ ತೆರೆದು ನೋಡಿ. ಬುಕ್‌ಮಾರ್ಕ್‌ಗಳನ್ನು ಹೊಸ ಬ್ರೌಸರ್ ಸಾಮಾನ್ಯವಾಗಿ ತಾನೇ ಎಳೆದುಕೊಳ್ಳುತ್ತದೆ. ಇಲ್ಲದಿದ್ದರೆ ಎಚ್‌ಟಿಎಂಎಲ್ ಫೈಲ್ ಆಗಿ ಹೊರತೆಗೆದು ಹಾಕಬಹುದು. ಪಾಸ್‌ವರ್ಡ್‌ಗಳನ್ನು ಸಿಎಸ್‌ವಿ ಫೈಲ್ ಆಗಿ ತೆಗೆಯಬಹುದು. ಇನ್ನೂ ಒಳ್ಳೆಯದೆಂದರೆ ಯಾವ ಬ್ರೌಸರ್‌ಗೂ ಸೇರದ ಪಾಸ್‌ವರ್ಡ್ ಮ್ಯಾನೇಜರ್‌ಗೆ ಅವನ್ನು ಸಾಗಿಸುವುದು. ಆಗ ಮುಂದಿನ ಸಲ ಈ ಗಂಟೇ ಇರುವುದಿಲ್ಲ. ಒಂದು ಎಚ್ಚರಿಕೆ: ಆ ಸಿಎಸ್‌ವಿ ಫೈಲ್‌ನಲ್ಲಿ ಎಲ್ಲ ಪಾಸ್‌ವರ್ಡ್‌ಗಳೂ ಬರಿಗಣ್ಣಿಗೆ ಕಾಣುವ ಹಾಗೆ ಇರುತ್ತವೆ. ಅದನ್ನು ಇಮೇಲ್ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಯಾರಿಗೂ, ನಿಮಗೆ ನೀವೂ, ಕಳಿಸಬೇಡಿ. ಕೆಲಸ ಮುಗಿದ ಕೂಡಲೇ ಡಿಲೀಟ್ ಮಾಡಿ, ರಿಸೈಕಲ್ ಬಿನ್ ಕೂಡ ಖಾಲಿ ಮಾಡಿ.